ಲೊಟ್ ಕಣಿವೆಯಲ್ಲಿ ಒಂದು ಅಪ್ರದಕ್ಷಿಣೆ

ಫ್ರಾನ್ಸಿನ ತುಲೂಸಿಗೆ ಬಂದು ಆರು ವರ್ಷವಾಯಿತು. ವಿಮಾನದ ಕೆಲಸಕ್ಕೆ ಅಂತ ಬೆಂಗಳೂರಿನಿಂದ ಇಲ್ಲಿಗೆ ಬಂದ ನಮ್ಮಂಥವರು ಸಾಕಷ್ಟು ಜನ ಇದ್ದೇವೆ. ಊರಿಂದ ಅಪ್ಪ ಅಮ್ಮನೋ ಗೆಳೆಯರೋ ಬಂದಾಗ ಎಲ್ಲರ ಮನೆಯಲ್ಲೂ ಒಂದೇ ಪ್ರಶ್ನೆ: ಪ್ಯಾರಿಸ್ ಆಯ್ತು, ಇನ್ನೆಲ್ಲಿಗೆ ಕರೆದುಕೊಂಡು ಹೋಗೋದು? ನನ್ನನ್ನು ಕೇಳಿದರೆ ಲೊಟ್ ನದಿಯ ಕಣಿವೆಗೆ ಹೋಗಿ ಅನ್ನುತ್ತೇನೆ. ಬೂಜಿಯೆಸ್ ಅನ್ನುವ ಪುಟ್ಟ ಹಳ್ಳಿಯಿಂದ ಹೊರಡಿ, ಬಂಡೆಯ ಮೇಲೆ ಕೂತಿರುವ ಸ್ಯಾಂ ಸಿರ್ ಲಾಪೊಪಿ ಮುಟ್ಟಿ, ಬೇರೆ ದಾರಿಯಲ್ಲಿ ಸುತ್ತಿಕೊಂಡು ಹೊರಟಲ್ಲಿಗೇ ಬನ್ನಿ.

ಒಟ್ಟು 10ರಿಂದ 13 ಕಿ.ಮೀ. ಆಗುತ್ತದೆ, ಮೇಲೆ ಯಾವ ಅಡ್ಡದಾರಿ ಹಿಡಿಯುತ್ತೀರಿ ಅನ್ನುವುದರ ಮೇಲೆ ಹೆಚ್ಚುಕಡಿಮೆ. ಏರುವುದು 300ರಿಂದ 400 ಮೀಟರ್. ಕುಮಾರ ಪರ್ವತ ಹತ್ತಿದವರಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ವಾರವಿಡೀ ಕುರ್ಚಿಯಲ್ಲಿ ಕೂರುವ ನನ್ನಂಥವರಿಗೆ ಸಂಜೆ ಮೊಣಕಾಲು ಮಾತಾಡುತ್ತದೆ. ಇಲ್ಲಿಯವರು ಇದನ್ನು ಮಧ್ಯಮ ದರ್ಜೆ ಅನ್ನುತ್ತಾರೆ, ಸರಿಯಾಗೇ ಇದೆ. ನಡಿಗೆಗೇ ನಾಲ್ಕು ಗಂಟೆ, ಊಟ, ಫೋಟೊ, ಸುಮ್ನೆ ಕೂರುವುದು ಎಲ್ಲ ಸೇರಿದರೆ ಏಳು ಗಂಟೆ ಇಟ್ಟುಕೊಳ್ಳಿ. ಅರಣ್ಯ ಇಲಾಖೆಯ ಪರ್ಮಿಟ್ಟು, ಗೈಡು, ಆನ್‌ಲೈನ್ ಟಿಕೆಟ್ಟು ಯಾವುದೂ ಬೇಡ. ದಾರಿ ಎಲ್ಲರದು.

ಈ ಸುತ್ತನ್ನು ಏಳೆಂಟು ಸಲ ಮಾಡಿದ್ದೇನೆ. ಅದರಲ್ಲಿ ಎರಡು ಸಲ ಕೆಟ್ಟದಾಗಿ ಮಾಡಿದ್ದೇನೆ. ಕೆಳಗೆ ಬರೆದದ್ದರಲ್ಲಿ ಅರ್ಧ ಆ ಎರಡು ಸಲದ ಪಾಠ.

ಮೊದಲು ದಿಕ್ಕು ತೀರ್ಮಾನ ಮಾಡಿ

ಯಾವ ಶೂ, ಎಷ್ಟು ಗಂಟೆಗೆ ಬಸ್ಸು ಅನ್ನುವುದೆಲ್ಲ ಆಮೇಲೆ. ಈ ನಡಿಗೆ ಚೆನ್ನಾಗಿ ಆಗುತ್ತೋ ಇಲ್ಲವೋ ಅನ್ನುವುದು ಸುತ್ತನ್ನು ಯಾವ ಕಡೆಯಿಂದ ಶುರು ಮಾಡುತ್ತೀರಿ ಅನ್ನುವುದರಲ್ಲೇ ಇದೆ. ಅದಕ್ಕೆ ಜಾಗ ಹೇಗಿದೆ ಅಂತ ಸ್ವಲ್ಪ ಗೊತ್ತಿರಬೇಕು.

ಲೊಟ್ ನದಿ ಲೊಜೇರ್ ಬೆಟ್ಟಗಳ ಕಡೆ ಹುಟ್ಟಿ, ಹಾವಿನ ಹಾಗೆ ಹೊರಳಿ ಹೊರಳಿ ಸುಮಾರು 480 ಕಿ.ಮೀ. ಹರಿದು ಗರೋನ್ ನದಿಯನ್ನು ಸೇರುತ್ತದೆ. ಬೂಜಿಯೆಸ್ ಹತ್ತಿರ ಇದಕ್ಕೆ ಬಂದು ಕೂಡುವ ಉಪನದಿಯ ಹೆಸರು ಸೆಲೆ. ಹೌದು, ಸೆಲೆ! ಅವರ ಭಾಷೆಗೂ ನಮ್ಮ ನೀರಿನ ಸೆಲೆಗೂ ಸಂಬಂಧ ಇಲ್ಲ, ಆದರೆ ಬೋರ್ಡು ಓದಿದಾಗ ಖುಷಿಯಾಗದೆ ಇರುವುದಿಲ್ಲ. ನದಿಯ ಎರಡೂ ಬದಿ ಸುಣ್ಣಕಲ್ಲಿನ ಗೋಡೆ. ಗೋಡೆ ಹತ್ತಿದರೆ ಮೇಲೆ ಒಣ ಬಯಲು, ಅದಕ್ಕೆ ಇಲ್ಲಿ ಕೋಸ್ ಅನ್ನುತ್ತಾರೆ. ಮಳೆ ಎಷ್ಟೇ ಬೀಳಲಿ, ಸುಣ್ಣಕಲ್ಲು ಹೀರಿಕೊಂಡುಬಿಡುತ್ತದೆ. ಹಾಗಾಗಿ ಮೇಲೆ ಹಳ್ಳ ಇಲ್ಲ, ತೊರೆ ಇಲ್ಲ. ಇರುವುದು ಗಿಡ್ಡ ಓಕ್ ಮರ, ಜೂನಿಪರ್ ಪೊದೆ, ಕಲ್ಲು.

ಈಗ ನಮ್ಮ ಸುತ್ತು. ಒಂದು ಅರ್ಧ ನದಿಯ ಪಕ್ಕ, ಸಮತಟ್ಟು, ನೆರಳು. ಇನ್ನೊಂದು ಅರ್ಧ ಕೋಸ್ ಮೇಲೆ, ಬಿಸಿಲು. ನದಿ ಪಕ್ಕದಿಂದ ಶುರು ಮಾಡಿದರೆ ಬಂಡೆ ಬಲಕ್ಕೆ, ನೀರು ಎಡಕ್ಕೆ. ನಮ್ಮ ಲೆಕ್ಕದಲ್ಲಿ ಅದು ಪ್ರದಕ್ಷಿಣೆ. ಬಹಳ ಜನ ಹೀಗೇ ಹೋಗುತ್ತಾರೆ, ಬಸ್ ಇಳಿದ ತಕ್ಷಣ ನದಿಯೇ ಕಾಣುತ್ತದಲ್ಲ. ನಾನೂ ಮೊದಲ ಸಲ ಹಾಗೇ ಹೋದೆ, ಆಗಸ್ಟ್ ತಿಂಗಳಲ್ಲಿ. ತಂಪು ಹೊತ್ತಿನಲ್ಲಿ ತಂಪು ಜಾಗ ಮುಗಿಸಿ, ಊಟ ಮಾಡಿ, ಮಧ್ಯಾಹ್ನ ಎರಡೂವರೆಗೆ ಕೋಸ್ ಹತ್ತಿದೆ. ಬಿಳಿ ಕಲ್ಲಿನ ಮೇಲೆ ಬಿದ್ದ ಬಿಸಿಲು ಕೆಳಗಿನಿಂದಲೂ ಮುಖಕ್ಕೆ ಹೊಡೆಯುತ್ತದೆ ಅಂತ ಅವತ್ತು ಗೊತ್ತಾಯಿತು. ಬಾಟಲಿ ನೀರು ಬಿಸಿನೀರಾಗಿತ್ತು.

ಹಾಗಾಗಿ ಮೇ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಹೋಗುವವರು ಅಪ್ರದಕ್ಷಿಣೆ ಹೋಗಿ. ಬೆಳಗ್ಗೆ ಮೊದಲು ಕೋಸ್ ಹತ್ತಿ ಮುಗಿಸಿ. ಮಧ್ಯಾಹ್ನ ಊರಲ್ಲಿ ಊಟ. ಸಂಜೆ ಇಳಿಯುವ ಹೊತ್ತಿಗೆ ನದಿಯ ದಾರಿ ಪೂರ್ತಿ ನೆರಳಾಗಿರುತ್ತದೆ, ಯಾಕೆಂದರೆ ಬಂಡೆ ನಿಂತಿರುವುದು ದಕ್ಷಿಣದ ಕಡೆ. ಜನವೂ ಕಮ್ಮಿ. ಚಳಿಗಾಲದಲ್ಲೂ ವಸಂತದ ಶುರುವಿನಲ್ಲೂ ಇದರ ಉಲ್ಟಾ: ಬೆಳಗ್ಗೆ ನದಿ, ಮಧ್ಯಾಹ್ನ ಬಿಸಿಲು ಕಾಯುತ್ತಾ ಕೋಸ್. ಅಮ್ಮ ಬಂದಿದ್ದಾಗ ಇದನ್ನು ವಿವರಿಸಿದೆ. "ಅಪ್ರದಕ್ಷಿಣೆ ಹಾಕ್ಬಾರ್ದು ಕಣೋ" ಅಂದರು. ದೇವಸ್ಥಾನ ಅಲ್ಲಮ್ಮ ಅಂದರೂ ಪೂರ್ತಿ ಸಮಾಧಾನ ಆಗಲಿಲ್ಲ.

ಯಾವಾಗ ಹೋಗೋದು

ಏಪ್ರಿಲ್‌ನಿಂದ ಜೂನ್ ಮಧ್ಯದವರೆಗೆ ಒಳ್ಳೆಯದು. ಮೇ ತಿಂಗಳಲ್ಲಿ ಕೋಸ್ ಹುಲ್ಲಿನ ನಡುವೆ ಕಾಡು ಆರ್ಕಿಡ್ ಅರಳಿರುತ್ತವೆ, ಬೆರಳುದ್ದದ ಗಿಡ, ಬಗ್ಗಿ ನೋಡದಿದ್ದರೆ ಕಾಣುವುದಿಲ್ಲ. ಅಕ್ಟೋಬರ್ ನನಗೆ ಇನ್ನೂ ಇಷ್ಟ. ಸಣ್ಣೆಲೆಯ ಮೇಪಲ್ ಮರಗಳು ಕೆಂಪಾಗುತ್ತವೆ, ಕಣಿವೆಯ ಅಕ್ರೂಟದ ಮರಗಳು ಕಾಯಿ ಉದುರಿಸುತ್ತಿರುತ್ತವೆ. ಕೆಳಗೆ ಬಿದ್ದಿದೆ ಅಂತ ಹೆಕ್ಕಿ ಜೇಬು ತುಂಬಿಸಬೇಡಿ, ಅದು ಯಾರದೋ ತೋಟ. ಜುಲೈ–ಆಗಸ್ಟಿನಲ್ಲಿ 35 ಡಿಗ್ರಿ ದಾಟುವುದು ಈಗ ಮಾಮೂಲು. ಅಂಥ ದಿನ ಹೋಗಲೇಬೇಕೆಂದರೆ ಬೆಳಗ್ಗೆ ಏಳಕ್ಕೆ ಕಾಲು ಎತ್ತಿರಬೇಕು.

ಹಿಂದಿನ ದಿನ ಎರಡು ವಿಷಯ ನೋಡಿ. ಒಂದು, ಮೆತೆಯೊ ಫ್ರಾನ್ಸ್ ಕೊಡುವ ಬಣ್ಣದ ಎಚ್ಚರಿಕೆ. ಹಸಿರು, ಹಳದಿ, ಕಿತ್ತಳೆ, ಕೆಂಪು ಅಂತ ನಾಲ್ಕು ಬಣ್ಣ. ಕಿತ್ತಳೆ ಇದ್ದರೆ ಮನೆಯಲ್ಲೇ ಇರಿ. ಎರಡು, ನದಿಯ ಮಟ್ಟ. ಅದಕ್ಕೆ ವಿಜಿಕ್ರೂ ಅನ್ನುವ ಸರ್ಕಾರಿ ತಾಣ ಇದೆ. ಜೋರು ಮಳೆಯಾದ ಮೇಲೆ ನೀರು ದಾರಿಗೇ ಬರಬಹುದು, ಬಂಡೆಯಿಂದ ಕಲ್ಲು ಉರುಳುವುದೂ ಉಂಟು. ಅನುಮಾನ ಇದ್ದರೆ ಸ್ಯಾಂ ಸಿರ್ ಪ್ರವಾಸಿ ಕಚೇರಿಗೆ ಒಂದು ಫೋನ್ ಮಾಡಿ ದಾರಿ ತೆರೆದಿದೆಯಾ ಅಂತ ಕೇಳಿ. ಎರಡು ನಿಮಿಷದ ಕೆಲಸ.

ಸೆಪ್ಟೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಬೇಟೆಯ ಕಾಲ, ಇದು ನಮ್ಮವರಿಗೆ ಯಾರೂ ಹೇಳುವುದಿಲ್ಲ. ಕಾಡುಹಂದಿ, ಜಿಂಕೆ ಹೊಡೆಯಲು ಕಿತ್ತಳೆ ಜಾಕೆಟ್ ಹಾಕಿಕೊಂಡು ಬಂದೂಕು ಹಿಡಿದವರು ದಾರಿ ಪಕ್ಕದಲ್ಲೇ ನಿಂತಿರುತ್ತಾರೆ. "ಶಾಸ್ ಆಂ ಕೂರ್" ಅಂತ ಬೋರ್ಡು ಕಂಡರೆ ಬೇಟೆ ನಡೆಯುತ್ತಿದೆ ಅಂತ ಅರ್ಥ. ಹೆದರಿ ಓಡಬೇಕಿಲ್ಲ. ಢಾಳು ಬಣ್ಣದ ಬಟ್ಟೆ ಹಾಕಿ, ದಾರಿ ಬಿಡಬೇಡಿ, ಜೋರಾಗಿ ಮಾತಾಡಿ. ಕಂದು ಹಸಿರು ಬಟ್ಟೆ ಅವತ್ತು ಬೇಡವೇ ಬೇಡ.

ತಲುಪುವುದು

ತುಲೂಸಿನ ಮತಬ್ಯೂ ಸ್ಟೇಷನ್ನಿನಿಂದ ಕಾಓರ್‌ಗೆ ರೈಲಿನಲ್ಲಿ ಒಂದೂಕಾಲರಿಂದ ಒಂದೂವರೆ ಗಂಟೆ. ಪ್ಯಾರಿಸ್‌ನಿಂದ ಬರುವವರು ಓಸ್ಟರ್ಲಿಟ್ಸ್ ಸ್ಟೇಷನ್ನಿನಲ್ಲಿ ಹತ್ತಬೇಕು, ಐದು ಗಂಟೆಗೂ ಜಾಸ್ತಿ ಹಿಡಿಯುತ್ತದೆ, ಆದ್ದರಿಂದ ಒಂದು ರಾತ್ರಿ ಕಾಓರ್‌ನಲ್ಲೇ ಉಳಿಯಿರಿ. 14ನೇ ಶತಮಾನದ ವಾಲಾಂತ್ರೆ ಸೇತುವೆಯನ್ನು ಸಂಜೆ ನೋಡಿದ ಹಾಗಾಯಿತು. ಕಾಓರ್‌ನಿಂದ ಫಿಜಾಕ್ ಕಡೆ ಹೋಗುವ ಬಸ್ಸು ಕಣಿವೆಯಲ್ಲೇ ಸಾಗುತ್ತದೆ, ಬೂಜಿಯೆಸ್ ಹತ್ತಿರ ನಿಲ್ಲುತ್ತದೆ. ದಿನಕ್ಕೆ ಬೆರಳೆಣಿಕೆಯಷ್ಟೇ ಬಸ್ಸು, ಭಾನುವಾರ ಇನ್ನೂ ಕಮ್ಮಿ. ಹೋಗುವ ಬಸ್ಸಿನ ಸಮಯ ನೋಡುವ ಮೊದಲು ವಾಪಸ್ ಬಸ್ಸಿನ ಸಮಯ ನೋಡಿ, ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಶಾಲೆಯ ರಜೆಯಲ್ಲಿ ವೇಳಾಪಟ್ಟಿ ಬೇರೆ ಇರುತ್ತದೆ, ಅದನ್ನೂ ಗಮನಿಸಿ.

ಕಾರಿನವರಿಗೆ ಕಷ್ಟ ಇಲ್ಲ. ಕಾಓರ್‌ನಿಂದ 30 ಕಿ.ಮೀ. ಒಳಗೆ. ಬೇಸಿಗೆಯಲ್ಲಿ ಸ್ಯಾಂ ಸಿರ್‌ನಲ್ಲಿ ಕಾರು ನಿಲ್ಲಿಸಲು ಹೋಗಬೇಡಿ. 2012ರಲ್ಲಿ ಟೀವಿ ಕಾರ್ಯಕ್ರಮವೊಂದರಲ್ಲಿ ಫ್ರೆಂಚರ ಅಚ್ಚುಮೆಚ್ಚಿನ ಹಳ್ಳಿ ಅಂತ ಆಯ್ಕೆಯಾದ ಊರು ಅದು, ಜಾತ್ರೆಯ ಹಾಗೆ ಜನ. ಬೂಜಿಯೆಸ್‌ನಲ್ಲಿ ನಿಲ್ಲಿಸಿ ನಡೆದು ಹೋಗುವುದೇ ಸುಖ. ಹಳ್ಳಿಗೆ ಹೋಗುವ ಸೇತುವೆ ಇಕ್ಕಟ್ಟು, ಎದುರಿನವರಿಗೆ ಬಿಟ್ಟುಕೊಟ್ಟು ಹೋಗಿ.

ಚೀಲದಲ್ಲಿ ಏನಿರಬೇಕು

ಬೇಸಿಗೆಯಾದರೆ ತಲೆಗೆ ಎರಡು ಲೀಟರ್ ನೀರು. ಒಂದು ಲೀಟರ್ ಸಾಕು ಅನ್ನುವವರ ಮಾತು ಕೇಳಬೇಡಿ, ನಾನೇ ಒಮ್ಮೆ ಹಾಗೆ ಅಂದವನು. ಟೋಪಿ, ಅಡಿ ಹಿಡಿತ ಇರುವ ಶೂ. ದೊಡ್ಡ ಟ್ರೆಕ್ಕಿಂಗ್ ಬೂಟು ಬೇಕಿಲ್ಲ, ಆದರೆ ಸವೆದ ಸ್ನೀಕರ್ಸ್ ಸುಣ್ಣಕಲ್ಲಿನ ಮೇಲೆ ಜಾರುತ್ತದೆ, ಒದ್ದೆಯಾಗಿದ್ದರೆ ಸೋಪಿನ ಹಾಗೆ. ಉದ್ದ ಪ್ಯಾಂಟು ಹಾಕಿ. ಮಲೆನಾಡಲ್ಲಿ ಉಂಬಳ ಇದ್ದ ಹಾಗೆ ಇಲ್ಲಿ ಉಣುಗು ಇದೆ. ನಾಯಿ ದನದ ಮೈಗೆ ಅಂಟಿಕೊಳ್ಳುತ್ತಲ್ಲ, ಅದೇ ಜಾತಿ. ಉಂಬಳ ರಕ್ತ ಕುಡಿದು ತಾನಾಗಿ ಬಿದ್ದುಹೋಗುತ್ತದೆ, ಇದು ಲೈಮ್ ಕಾಯಿಲೆ ತರಬಹುದು. ಔಷಧಿ ಅಂಗಡಿಯಲ್ಲಿ ಇದನ್ನು ಕೀಳಲು ಪ್ಲಾಸ್ಟಿಕ್ಕಿನ ಪುಟ್ಟ ಕೊಕ್ಕೆ ಸಿಗುತ್ತದೆ, ಒಂದು ಇಟ್ಟುಕೊಳ್ಳಿ. ಉಪ್ಪು, ಎಣ್ಣೆ, ಸಿಗರೇಟಿನ ಪ್ರಯೋಗ ಬೇಡ.

ಊಟದ ವಿಷಯಕ್ಕೆ ಬರೋಣ. ಈ ಸೀಮೆ ಬಾತುಕೋಳಿಯ ಸೀಮೆ. ಸಸ್ಯಾಹಾರಿಗಳು "ಸಲಾಡ್ ತಾನೇ" ಅಂತ ಆರ್ಡರ್ ಮಾಡಿ ಮೋಸ ಹೋಗುತ್ತಾರೆ. ಊರಿನ ಹೆಸರು ಹೊತ್ತ ಸಲಾಡಿನಲ್ಲಿ ಜೆಜಿಯೆ ಅಂತ ಬಾತುಕೋಳಿಯ ಜಠರದ ತುಂಡು ಇರುತ್ತದೆ, ಮೇಕೆ ಚೀಸಿನ ಸಲಾಡಿನಲ್ಲೂ ಹಂದಿಯ ಸಣ್ಣ ಚೂರು ಬಿದ್ದಿರಬಹುದು. "ಸಾಂ ವ್ಯಾಂದ್" ಅಂತ ಹೇಳಿ, ಮಾಂಸ ಇಲ್ಲದೆ ಅಂತ. ರೊಕಮಡೂರ್ ಅನ್ನುವ ಪುಟ್ಟ ದುಂಡನೆಯ ಮೇಕೆ ಚೀಸು ಇಲ್ಲಿಯ ಹೆಮ್ಮೆ. ಬಿಸಿ ಬ್ರೆಡ್ಡಿನ ಮೇಲೆ ಕರಗಿಸಿ, ಮೇಲೆ ಜೇನು ಹಾಕಿ ಕೊಡುತ್ತಾರೆ. ಅದರಲ್ಲಿ ಹಾಲು ಗಟ್ಟಿಯಾಗಲು ಹಾಕುವ, ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇರುತ್ತದೆ, ಕಟ್ಟುನಿಟ್ಟಿನವರಿಗೆ ಗೊತ್ತಿರಲಿ. ಮಧ್ಯಾಹ್ನ ಎರಡಕ್ಕೆ ಅಡುಗೆಮನೆ ಬಂದ್. ಎರಡೂಕಾಲಿಗೆ ಹೋಗಿ ಬೇಡಿಕೊಂಡಿದ್ದೇನೆ, ಐಸ್‌ಕ್ರೀಮ್ ಸಿಕ್ಕಿತು. ಇದೆಲ್ಲ ರಗಳೆ ಯಾಕೆ ಅಂತ ಈಗ ನಾನು ಚಪಾತಿಗೆ ತುಪ್ಪ ಸವರಿ ಚಟ್ನಿಪುಡಿ ಉದುರಿಸಿ ಸುತ್ತಿಕೊಂಡು ಹೋಗುತ್ತೇನೆ. ಕಾಫಿ ಮಾತ್ರ ಅಲ್ಲಿ.

ಬಣ್ಣದ ಗೆರೆ ಓದುವುದು

ಫ್ರಾನ್ಸಿನ ಕಾಲುದಾರಿಗಳಲ್ಲಿ ಬೋರ್ಡು ಕಮ್ಮಿ, ಬಣ್ಣದ ಗೆರೆ ಜಾಸ್ತಿ. ಮರದ ಕಾಂಡ, ಕರೆಂಟ್ ಕಂಬ, ಗೋಡೆಯ ಕಲ್ಲು, ಎಲ್ಲಿ ಬೇಕಾದರೂ ಇರುತ್ತವೆ. ಬಿಳಿ ಮೇಲೆ, ಕೆಂಪು ಕೆಳಗೆ ಇದ್ದರೆ ಅದು ಜಿಆರ್, ಅಂದರೆ ನೂರಾರು ಕಿ.ಮೀ. ಸಾಗುವ ದೂರದ ದಾರಿ. ಒಂದೇ ಹಳದಿ ಗೆರೆ ಇದ್ದರೆ ಅರ್ಧ ದಿನ, ಒಂದು ದಿನದ ಸ್ಥಳೀಯ ಸುತ್ತು. ಗೆರೆಯ ಕೆಳಗೆ ಬಾಣದಂತೆ ಬಾಗಿದ ಗುರುತು ಇದ್ದರೆ ಮುಂದೆ ತಿರುವು ಇದೆ. ಎರಡು ಗೆರೆ ಅಡ್ಡಡ್ಡ ಹಾದು ಇಂಟು ಮಾರ್ಕಿನ ಹಾಗಿದ್ದರೆ ನಮ್ಮ ಮೇಷ್ಟ್ರು ಉತ್ತರದ ಮೇಲೆ ಹಾಕುತ್ತಿದ್ದ ತಪ್ಪು ಗುರುತೇ ಅದು. ಆ ಕಡೆ ಹೋಗಬೇಡಿ.

ನಮ್ಮ ಸುತ್ತಿನಲ್ಲಿ ನದಿಯ ದಾರಿ ಜಿಆರ್36ರ ಭಾಗ, ಅಲ್ಲಿ ಕೆಂಪು ಬಿಳಿ ಗೆರೆ ಸಿಗುತ್ತದೆ. ಆದರೆ ಜಿಆರ್ ಸುತ್ತು ಹಾಕುವುದಿಲ್ಲ, ಅದು ತನ್ನ ಪಾಡಿಗೆ ಎಲ್ಲಿಗೋ ಹೋಗುತ್ತಿರುತ್ತದೆ. ಕೆಂಪು ಬಿಳಿಯನ್ನೇ ನಂಬಿಕೊಂಡು ಹೊರಟರೆ ಕತ್ತಲಾಗುವ ಹೊತ್ತಿಗೆ ಬೇರೆ ಊರಲ್ಲಿರುತ್ತೀರಿ. ಕೋಸ್ ಮೇಲಿನ ಅರ್ಧಕ್ಕೆ ನಕ್ಷೆ ಬೇಕೇ ಬೇಕು. ಇಲ್ಲಿಯ ಸರ್ಕಾರಿ ಸಂಸ್ಥೆ ಐಜಿಎನ್‌ನ 1:25,000 ನಕ್ಷೆ ಎಲ್ಲಕ್ಕಿಂತ ಒಳ್ಳೆಯದು, ಒಂದೊಂದು ಕಲ್ಲುಗೋಡೆಯೂ ಅದರಲ್ಲಿದೆ. ಮೊಬೈಲಿನಲ್ಲಿ ವಿಝೊರಾಂದೊ, ಕೊಮೂಟ್ ಥರದ ಆ್ಯಪ್ ಇದ್ದರೆ ಹಿಂದಿನ ರಾತ್ರಿಯೇ ಬೂಜಿಯೆಸ್–ಸ್ಯಾಂ ಸಿರ್ ಸುತ್ತನ್ನು ಡೌನ್‌ಲೋಡ್ ಮಾಡಿ. ಬಂಡೆಯ ಬುಡದಲ್ಲಿ ಸಿಗ್ನಲ್ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಏನಾದರೂ ಅನಾಹುತ ಆದರೆ 112ಕ್ಕೆ ಫೋನ್ ಮಾಡಿ, ಮಾತಾಡಲು ಆಗದಿದ್ದರೆ 114ಕ್ಕೆ ಎಸ್ಸೆಮ್ಮೆಸ್.

ನಡೆಯೋಣ: ಮೊದಲು ಮೇಲಕ್ಕೆ

ಬೇಸಿಗೆಯ ಲೆಕ್ಕದಲ್ಲೇ ಹೇಳುತ್ತೇನೆ. ಬೂಜಿಯೆಸ್‌ನಲ್ಲಿ ಎದುರು ದಡದ ಬಂಡೆಯ ಕಡೆ ಒಮ್ಮೆ ನೋಡಿ. ಬಂಡೆಯ ಪೊಟರೆಗೆ ಗೋಡೆ ಕಟ್ಟಿ ಮಾಡಿದ ಒಂದು ಪುಟ್ಟ ಕೋಟೆ ಕಾಣುತ್ತದೆ, ಜನ ಅದನ್ನು ಇಂಗ್ಲಿಷರ ಕೋಟೆ ಅನ್ನುತ್ತಾರೆ, ನೂರು ವರ್ಷಗಳ ಯುದ್ಧದ ಕಾಲದ ನೆನಪಿಗೆ. ನೋಡಿ ಮುಗಿದ ಮೇಲೆ ನದಿಗೆ ಬೆನ್ನು ಹಾಕಿ ಹತ್ತಲು ಶುರು ಮಾಡಿ.

ಮೊದಲ ಅರ್ಧ ಗಂಟೆಯೇ ಕಷ್ಟದ್ದು. ಕಲ್ಲಿನ ದಾರಿ, ನೇರ ಏರು. ನಿಧಾನಕ್ಕೆ ಹತ್ತಿ, ಮಾತು ನಿಲ್ಲುವಷ್ಟು ಏದುಸಿರು ಬಂದರೆ ನಿಲ್ಲಿ. ಮೇಲೆ ಬಂದ ಮೇಲೆ ಒಂದೇ ಸಲ ಎಲ್ಲ ಬದಲಾಗುತ್ತದೆ. ನದಿಯ ಸದ್ದಿಲ್ಲ. ದಾರಿಯ ಎರಡೂ ಬದಿ ಗಾರೆ ಇಲ್ಲದೆ ಪೇರಿಸಿದ ಕಲ್ಲುಗೋಡೆ, ಅದರ ಮೇಲೆ ಪಾಚಿ. ಹೊಲದಿಂದ ಕಲ್ಲು ಹೆಕ್ಕಿ ಹೆಕ್ಕಿ ರೈತರು ಕಟ್ಟಿದ್ದು. ಅದೇ ಕಲ್ಲಿನಿಂದ ಕಟ್ಟಿದ ಗುಡಿಸಲುಗಳೂ ಅಲ್ಲಲ್ಲಿ ಸಿಗುತ್ತವೆ, ಕಜೆಲ್ ಅಂತ ಹೆಸರು. ಒಂದರೊಳಗೆ ಬಗ್ಗಿ ಹೋಗಿ ಮೇಲೆ ನೋಡಿ. ಮರದ ತೊಲೆ ಇಲ್ಲ, ಗಾರೆ ಇಲ್ಲ. ಪ್ರತಿ ಸುತ್ತಿನ ಕಲ್ಲನ್ನೂ ಕೆಳಗಿನದಕ್ಕಿಂತ ಒಂದು ಬೆರಳು ಒಳಕ್ಕೆ ಸರಿಸಿ ಸರಿಸಿ, ಕೊನೆಗೆ ತುದಿಯಲ್ಲಿ ಒಂದು ಚಪ್ಪಡಿ ಮುಚ್ಚಿದ್ದಾರೆ. ಮಳೆ ಬಂದಾಗ ಕುರುಬರು ಇದರೊಳಗೆ ಕೂರುತ್ತಿದ್ದರು. ಕಲ್ಲು ಸಡಿಲ ಇರುತ್ತವೆ, ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳಬೇಡಿ.

ಕುರಿಗಳು ಸಿಕ್ಕರೆ ಅವುಗಳ ಮುಖ ನೋಡಿ. ಮೈಯೆಲ್ಲ ಬಿಳಿ, ಕಣ್ಣಿನ ಸುತ್ತ ಮಾತ್ರ ಕಪ್ಪು, ಕಿವಿಯೂ ಕಪ್ಪು. ತಂಪು ಕನ್ನಡಕ ಹಾಕಿಕೊಂಡ ಹಾಗೆ. ಈ ಕೋಸ್‌ನದ್ದೇ ತಳಿ. ಬೇಲಿಯ ಗೇಟು ತೆರೆದು ಹೋದರೆ ಮತ್ತೆ ಮುಚ್ಚಿ, ಚಿಲಕ ಬಿದ್ದಿದೆಯಾ ನೋಡಿ. ಸಾಲಾಗಿ ನೆಟ್ಟ ಓಕ್ ಮರಗಳ ಬುಡದಲ್ಲಿ ಹುಲ್ಲು ಸುಟ್ಟ ಹಾಗೆ ಬೋಳಾಗಿದ್ದರೆ ಅದು ಟ್ರಫಲ್ ಅಣಬೆಯ ತೋಟ. ಕಾಲಿಡಬೇಡಿ, ಕೆದಕಲಂತೂ ಹೋಗಲೇಬೇಡಿ. ಆ ಅಣಬೆಗೆ ಇಲ್ಲಿ ಚಿನ್ನದ ಮರ್ಯಾದೆ.

ಎಷ್ಟೋ ಕಡೆ ಬಾಕ್ಸ್‌ವುಡ್ ಪೊದೆಗಳು ಒಣಗಿ ಬೂದಿಬಣ್ಣಕ್ಕೆ ತಿರುಗಿದ್ದರೆ ಆಶ್ಚರ್ಯಪಡಬೇಡಿ. ಏಷ್ಯಾದಿಂದ ಬಂದ ಒಂದು ಪತಂಗದ ಹುಳು ತಿಂದದ್ದು. ಬುಡದಿಂದ ಚಿಗುರು ಬಂದಿರುವುದನ್ನೂ ನೋಡಿದ್ದೇನೆ.

ನೀರು ಇಲ್ಲಿ ಸಿಗುವುದಿಲ್ಲ ಅಂದೆನಲ್ಲ. ಆ ಆಗಸ್ಟಿನ ದಿನ ನಮ್ಮ ಬಾಟಲಿ ಖಾಲಿಯಾದಾಗ ಎದುರು ಸಿಕ್ಕ ಅಜ್ಜಿಯೊಬ್ಬರು ಕೈ ತೋರಿಸಿದ್ದು ಸ್ಮಶಾನದ ಕಡೆಗೆ. ಫ್ರಾನ್ಸಿನ ಹಳ್ಳಿಗಳ ಸ್ಮಶಾನದಲ್ಲಿ ಸಾಮಾನ್ಯವಾಗಿ ಒಂದು ನಲ್ಲಿ ಇರುತ್ತದೆ, ಸಮಾಧಿಯ ಹೂಕುಂಡಗಳಿಗೆ ನೀರು ಹಾಕಲು. ನಡೆಯುವವರೆಲ್ಲ ಅಲ್ಲೇ ಬಾಟಲಿ ತುಂಬಿಸಿಕೊಳ್ಳುತ್ತಾರೆ. ಜೊತೆಗಿದ್ದ ಗೆಳೆಯ ಹೊಸಿಲಲ್ಲೇ ನಿಂತುಬಿಟ್ಟ, ಒಳಗೆ ಬರಲ್ಲ ಅಂದ. ನಾನು ತುಂಬಿಸಿಕೊಂಡು ಬಂದು ಕೊಟ್ಟ ಮೇಲೆ ಗಟಗಟ ಕುಡಿದ, ಮನೇಲಿ ಹೇಳ್ಬೇಡ ಅಂದ. ನಲ್ಲಿಯ ಮೇಲೆ "ಓ ನೊಂ ಪೊತಾಬ್ಲ್" ಅಂತ ಬರೆದಿದ್ದರೆ ಮಾತ್ರ ಕುಡಿಯಬಾರದು.

ಊರಿಗೆ ಇಳಿಯುವುದು

ಸ್ಯಾಂ ಸಿರ್ ತಲುಪುವ ಸ್ವಲ್ಪ ಮೊದಲು ಡಿ40 ರಸ್ತೆಯ ಪಕ್ಕ ಬಾಂಕುರೆಲ್ ಅನ್ನುವ ನೋಟದ ಜಾಗ ಇದೆ. ನಿಮ್ಮ ದಾರಿ ಆ ಕಡೆ ಹಾಯದಿದ್ದರೂ ಹತ್ತು ನಿಮಿಷ ಬಳಸಿ ಹೋಗಿ. ಕೆಳಗೆ ನದಿ ಪೂರ್ತಿ ಒಂದು ತಿರುವು ತೆಗೆದುಕೊಳ್ಳುವುದು, ತಿರುವಿನ ಒಳಬದಿ ಚೌಕಚೌಕ ಹೊಲ, ಹೊರಬದಿ ನೆಟ್ಟಗೆ ಬಂಡೆ, ಎಲ್ಲ ಒಂದೇ ನೋಟದಲ್ಲಿ ಸಿಗುತ್ತದೆ. ರಸ್ತೆಯಲ್ಲಿ ನಡೆಯುವಾಗ ಎಡಬದಿ ಹಿಡಿಯಿರಿ. ಇಲ್ಲಿ ವಾಹನ ಬಲಕ್ಕೆ ಓಡುತ್ತವೆ, ಎದುರಿಂದ ಬರುವುದು ಕಣ್ಣಿಗೆ ಕಾಣಬೇಕು.

ಊರು ನದಿಯಿಂದ ಸುಮಾರು 100 ಮೀಟರ್ ಎತ್ತರದಲ್ಲಿ ಬಂಡೆಗೆ ಅಂಟಿಕೊಂಡಿದೆ. ಕಡಿದಾದ ಕಂದು ಹೆಂಚಿನ ಸೂರು, ಮರದ ಚೌಕಟ್ಟಿನ ಗೋಡೆ, ಕಲ್ಲು ಹಾಸಿದ ಓಣಿ. ಒಂದು ಕಾಲಕ್ಕೆ ಇಲ್ಲಿ ಮರ ಕಡೆಯುವವರ ಕೇರಿಯೇ ಇತ್ತು. ವೈನ್ ಪೀಪಾಯಿಗೆ ಬೇಕಾದ ಮರದ ನಲ್ಲಿಗಳನ್ನು ಆ ಬಾಕ್ಸ್‌ವುಡ್‌ನಲ್ಲೇ ಕಡೆಯುತ್ತಿದ್ದರು. ಕವಿ ಆಂದ್ರೆ ಬ್ರೆತೊಂ ಈ ಊರಿಗೆ ಮರುಳಾಗಿ ಇಲ್ಲೇ ಮನೆ ಮಾಡಿಕೊಂಡಿದ್ದರು. ಅಂಗಡಿಗಳಲ್ಲಿ ಕಾಲ ಕಳೆಯಬೇಡಿ, ತುದಿಯ ಪಾಳು ಕೋಟೆಯ ಬಂಡೆ ಹತ್ತಿ. ಚರ್ಚಿನ ಬೆನ್ನು, ಸೂರುಗಳ ಮೇಳ, ಅದರ ಕೆಳಗೆ ನದಿ ಕಾಣುವುದು ಅಲ್ಲಿಂದಲೇ. ಅಂಗಡಿಗೋ ಹೋಟೆಲಿಗೋ ಕಾಲಿಟ್ಟ ಕೂಡಲೇ ಮೊದಲು "ಬೊಂಜೂರ್" ಅನ್ನಿ. ಅದು ಹೇಳದೆ ನೇರ ಪ್ರಶ್ನೆ ಕೇಳಿದರೆ ಮುಖ ಗಂಟಾಗುತ್ತದೆ, ನಮ್ಮಲ್ಲಿ ಚಪ್ಪಲಿ ಹಾಕಿಕೊಂಡು ಮನೆಯೊಳಗೆ ನುಗ್ಗಿದ ಹಾಗೆ.

ಕೊನೆಗೆ ನದಿಯ ದಾರಿ

ಮೂರೂವರೆ, ನಾಲ್ಕಕ್ಕೆ ಕೆಳಗಿಳಿಯಿರಿ. ಇಳಿಜಾರು ಕಡಿದು, ಮೊಣಕಾಲಿಗೆ ಕೋಲು ಇದ್ದರೆ ಚೆನ್ನ. ಕೆಳಗೆ ಬಂದರೆ ಬಯಲು, ಪಾಪ್ಲರ್ ಮರ, ಮಂದ ನೀರು. ಇಲ್ಲಿಂದ ನದಿ ಬಲಕ್ಕೆ ಇರಬೇಕು. ಎಡಕ್ಕಿದ್ದರೆ ಉಲ್ಟಾ ಹೊರಟಿದ್ದೀರಿ.

ಒಂದು ಗಂಟೆಯ ಒಳಗೆ ಗನೀಲ್ ಅನ್ನುವ ಕಡೆ ಹಳೆಯ ದೋಣಿಗೇಟು ಸಿಗುತ್ತದೆ, ಅಂದರೆ ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಲಾಕ್. ಆಮೇಲೆ ದಾರಿ ನೇರ ಬಂಡೆಯೊಳಕ್ಕೆ ಹೋಗುತ್ತದೆ. ಸುರಂಗ ಅಲ್ಲ. ಬಂಡೆಯ ಹೊಟ್ಟೆಯನ್ನು ಬದಿಯಿಂದ ಕೆತ್ತಿ, ಒಂದು ಬದಿ ನದಿಗೆ ತೆರೆದು ಬಿಟ್ಟಿದ್ದಾರೆ. ನಮ್ಮ ಹಳೇ ಮನೆಯ ಜಗಲಿಯ ಹಾಗೆ, ಸೂರು ಮಾತ್ರ ಕಲ್ಲಿನದು. 1840ರ ದಶಕದಲ್ಲಿ ಕೊರೆದದ್ದು. ಆಗ ಕಾಓರ್‌ನ ವೈನ್, ಧಾನ್ಯ, ಮರ ಎಲ್ಲ ಚಪ್ಪಟೆ ತಳದ ದೋಣಿಯಲ್ಲಿ ಬೋರ್ಡೊ ಕಡೆಗೆ ಹೋಗುತ್ತಿತ್ತು. ಹೋಗುವಾಗ ನೀರೇ ಒಯ್ಯುತ್ತದೆ. ವಾಪಸ್ ಬರುವಾಗ ದಡದಿಂದ ಹಗ್ಗ ಕಟ್ಟಿ ಎಳೆಯಬೇಕು. ಎಲ್ಲ ಕಡೆ ದಡ ಇತ್ತು, ಇಲ್ಲಿ ಬಂಡೆ ನೀರಿಗೇ ಇಳಿದಿತ್ತು. ಅದಕ್ಕೆ ಬಂಡೆಯನ್ನೇ ಕೊರೆದರು. ಆಮೇಲೆ ರೈಲು ಬಂತು, ದೋಣಿ ನಿಂತಿತು.

ಗೋಡೆಯ ಮೇಲೆ ಕೈಯಿಟ್ಟು ನೋಡಿ, ಉಳಿಯ ಗೆರೆ ಕೈಗೆ ಸಿಗುತ್ತದೆ. ಕೆಲವು ಕಡೆ ಸೂರು ತಗ್ಗು, ಎತ್ತರದವರು ತಲೆ ಜೋಪಾನ. ನೀರಿನ ಬದಿಗೆ ಕಟಾಂಜನ ನಿರೀಕ್ಷಿಸಬೇಡಿ, ಮಕ್ಕಳನ್ನು ಬಂಡೆಯ ಬದಿಗೆ ಹಿಡಿದುಕೊಳ್ಳಿ. ಒಂದು ಕಡೆ ಗೋಡೆಯುದ್ದಕ್ಕೂ ಮೀನು, ಚಿಪ್ಪು, ಸುಳಿಗಳ ಉಬ್ಬುಕೆತ್ತನೆ ಇದೆ. ಹಳೇ ಕಾಲದ್ದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ, ಡ್ಯಾನಿಯೆಲ್ ಮೊನಿಯೆ ಅನ್ನುವ ತುಲೂಸಿನ ಶಿಲ್ಪಿ 1980ರ ದಶಕದಲ್ಲಿ ಕೆತ್ತಿದ್ದು. ಹಾಸನದ ನಮ್ಮಮ್ಮ ಅದನ್ನು ಉದ್ದಕ್ಕೂ ಸವರುತ್ತಾ ಬಂದು, "ಬೇಲೂರಿನಷ್ಟು ಇಲ್ಲ ಬಿಡು, ಆದ್ರೂ ಪರ್ವಾಗಿಲ್ಲ" ಅಂದರು.

ಅಮ್ಮ ಪೂರ್ತಿ ಸುತ್ತು ಹಾಕಲಿಲ್ಲ. ವಯಸ್ಸಾದವರು, ಸಣ್ಣ ಮಕ್ಕಳು ಇದ್ದರೆ ಬೂಜಿಯೆಸ್‌ನಿಂದ ಈ ಕೆತ್ತನೆಯವರೆಗೆ ಮಾತ್ರ ಬಂದು ವಾಪಸ್ ಹೋದರೂ ಏನೂ ಕಳೆದುಕೊಂಡಂತಲ್ಲ. ಪೂರ್ತಿ ಸಮತಟ್ಟು. ಎದುರಿಗೆ ಬೆನ್ನಚೀಲಕ್ಕೆ ಕಪ್ಪೆಚಿಪ್ಪು ನೇತುಹಾಕಿಕೊಂಡವರು ಸಿಕ್ಕರೆ ಅವರು ಸ್ಪೇನಿನ ಸಾಂತಿಯಾಗೊಗೆ ಪಾದಯಾತ್ರೆ ಹೊರಟವರು. ಸೆಲೆ ಕಣಿವೆಯ ಕವಲುದಾರಿ ಇಲ್ಲಿಗೇ ಬಂದು ಕೂಡುತ್ತದೆ. ಅಂಥವರಿಗೆ "ಬೊಂ ಶಮ್ಯಾಂ" ಅನ್ನಿ, ಖುಷಿಪಡುತ್ತಾರೆ.

ಒಂದು ದಿನ ಜಾಸ್ತಿ ಇದ್ದರೆ ಪಕ್ಕದ ಕಬ್ರೆರೆಯಲ್ಲಿರುವ ಪೆಶ್ ಮೆರ್ಲ್ ಗುಹೆ ಬಿಡಬೇಡಿ. 1922ರಲ್ಲಿ ಹದಿಹರೆಯದ ಇಬ್ಬರು ಹುಡುಗರು ಒಳಗೆ ನುಸುಳಿ ಕಂಡುಹಿಡಿದದ್ದು. ಅಲ್ಲಿಯ ಚುಕ್ಕೆ ಕುದುರೆಗಳ ಚಿತ್ರಕ್ಕೆ ಸುಮಾರು 29,000 ವರ್ಷ. ನಕಲು ಅಲ್ಲ, ಅಸಲಿ ಗೋಡೆಯನ್ನೇ ನೋಡಬಹುದು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಮೊದಲೇ ಟಿಕೆಟ್ ಮಾಡಿಸಿ.

ಬೂಜಿಯೆಸ್‌ಗೆ ವಾಪಸ್ ಬಂದ ಮೇಲೆ ಒಂದು ಕಡೆ ಕೂತು ಪ್ಯಾಂಟಿನ ಅಂಚು, ಮೊಣಕಾಲ ಹಿಂದೆ, ಕಾಲುಚೀಲದ ಮೇಲ್ಭಾಗ ಉಣುಗಿಗೆ ನೋಡಿಕೊಳ್ಳಿ. ಎಳ್ಳಿನಷ್ಟು ಇರುತ್ತದೆ, ಮಚ್ಚೆ ಅಂದುಕೊಂಡು ಬಿಡಬೇಡಿ. ಬಸ್ ಸ್ಟಾಪು ಸೇತುವೆ ದಾಟಿ ದೊಡ್ಡ ರಸ್ತೆಯಲ್ಲಿದೆ, ಹತ್ತು ನಿಮಿಷ ಮೊದಲೇ ಹೋಗಿ ನಿಲ್ಲಿ. ಸ್ಟಾಪಿನಲ್ಲಿ ಸುಮ್ನೆ ನಿಂತರೆ ಸಾಲದು, ಬಸ್ಸು ಕಂಡ ಕೂಡಲೇ ಕೈ ಅಡ್ಡ ಹಿಡಿಯಬೇಕು, ನಮ್ಮೂರ ಕೆಂಪು ಬಸ್ಸಿಗೆ ಹಿಡಿದ ಹಾಗೆ. ನಾನು ಹಿಡಿದಿರಲಿಲ್ಲ. ಡ್ರೈವರ್ ನನ್ನ ಮುಖ ನೋಡಿಕೊಂಡೇ ಮುಂದೆ ಹೋದ, ಅವತ್ತಿನ ಕೊನೇ ಬಸ್ಸು ಅದು.